ಅಕ್ಕನ ಮಾತು ಮೀರದವಳು

ಇಡ್ಲಿ ಪಾತ್ರೆಯ ಉರಿ ಸಣ್ಣ ಮಾಡಿ, ಕುಮುದಾ ಲ್ಯಾಪ್‌ಟಾಪಿನ ಮುಂದೆ ಕುಳಿತಳು. ಜಪಾನಿನ ತ್ಸುಕುಬಾದಲ್ಲಿ ಆಗಷ್ಟೇ ಬೆಳಕು ಹರಿದಿತ್ತು; ಅಮೆರಿಕದಲ್ಲಿ ಹಿಂದಿನ ದಿನದ ಸಂಜೆ. ಅಲ್ಲಿ ವಕೀಲೆಯಾಗಿದ್ದ ತಂಗಿ ಮೈತ್ರೇಯಿಯನ್ನು ರಾಜ್ಯದ ಗವರ್ನರ್ ನ್ಯಾಯಾಧೀಶೆಯ ಹುದ್ದೆಗೆ ಹೆಸರಿಸಿದ್ದರು. ಆದರೆ ಶಾಸನಸಭೆಯ ಸಮಿತಿ ಪ್ರಶ್ನೆ ಕೇಳಿ ಒಪ್ಪಿದರೆ ಮಾತ್ರ ಮುಂದಿನ ಮಾತು. ಅವಳನ್ನು ಬಲ್ಲವರೂ ವೀಡಿಯೊ ಮೂಲಕ ಸಮಿತಿಯ ಮುಂದೆ ನಾಲ್ಕು ಮಾತು ಹೇಳಬಹುದಿತ್ತು.

ತನ್ನ ಹೆಸರು ಕರೆದಾಗ ಕುಮುದಾ ಮೈಕ್ ಆನ್ ಮಾಡಿದಳು. ಅಮ್ಮನಿಲ್ಲದ ಮನೆಯಲ್ಲಿ ತಂಗಿಗೆ ಜಡೆ ಹಾಕಿ ಬೆಳೆಸಿದ್ದನ್ನು ಇಂಗ್ಲಿಷಿನಲ್ಲಿ ತಡವರಿಸುತ್ತ ಹೇಳಿದಳು. ಕೊನೆಗೆ, ಹೆಣ್ಣು ನೋಡಲು ಬಂದವರ ಮುಂದೆ ಹೇಳುವ ಹಾಗೆ, ಹೆಮ್ಮೆಯಿಂದ ಸೇರಿಸಿದಳು: "ಇವತ್ತಿಗೂ ನನ್ನ ಮಾತು ಮೀರಿದವಳಲ್ಲ. ಏನೇ ಇದ್ದರೂ ನನ್ನನ್ನು ಕೇಳಿಯೇ ಮಾಡುತ್ತಾಳೆ."

ಸಮಿತಿಯ ನರೆಗೂದಲಿನ ಸದಸ್ಯೆ ಕನ್ನಡಕ ಸರಿಮಾಡಿಕೊಂಡರು. "ಹಾಗಾದರೆ ನಮ್ಮ ರಾಜ್ಯದ ತೀರ್ಪುಗಳು ಜಪಾನಿನಿಂದ ಬರುತ್ತವೆಯೇ, ಮೇಡಂ?"

ಯಾರೋ ನಕ್ಕರು. ಮೈತ್ರೇಯಿ ನಗಲಿಲ್ಲ. ಕುಮುದಾ ತಟ್ಟನೆ ಮೈಕ್ ಆಫ್ ಮಾಡಿದಳು.

"ಮಮ್ಮಿ, ಮೈ ಬೆಂತೋ ಬಾಕ್ಸ್?" ಶಾಲೆಯ ಟೋಪಿ ಹಾಕಿಕೊಂಡು ಮಗಳು ಲಾಸ್ಯಾ ಖಾಲಿ ಊಟದ ಡಬ್ಬಿ ಹಿಡಿದು ನಿಂತಿದ್ದಳು.

"ತಾಳೇ ಚಿನ್ನ. ಚಿಕ್ಕಮ್ಮನ ಕೆಲಸ ನಾನೇ ಕೆಡಿಸ್ಬಿಟ್ಟೆ."

"ದೆನ್ ಸೇ ಸುಮಿಮಾಸೆನ್!" ಕ್ಷಮೆ ಕೇಳುವ ಜಪಾನಿ ಮಾತನ್ನು ಲಾಸ್ಯಾ ಹೇಳಿಕೊಟ್ಟಳು.

ತೆರೆಯ ಮೇಲೆ ಮೈತ್ರೇಯಿ ಉತ್ತರಿಸುತ್ತಿದ್ದಳು. "ಅಕ್ಕನನ್ನು ಕೇಳುತ್ತೇನೆ, ನಿಜ. ಈ ಹುದ್ದೆಯ ಬಗ್ಗೆಯೂ ಕೇಳಿದ್ದೆ. ಬೇಡವೇ ಬೇಡ ಎಂದಳು. ಆದರೂ ನಿಮ್ಮೆದುರು ಕುಳಿತಿದ್ದೇನೆ."

ಸದಸ್ಯೆ ಮತ್ತೆ ಇತ್ತ ತಿರುಗಿದರು. "ಹೌದೇ?"

ಹೌದೆಂದರೆ ಈಗಷ್ಟೇ ಆಡಿದ ತನ್ನ ಮಾತು ಸುಳ್ಳು. ಇಲ್ಲವೆಂದರೆ ತಂಗಿ ಸುಳ್ಳಿ. ಕುಮುದಾ ಮತ್ತೆ ಮೈಕ್ ಆನ್ ಮಾಡಿದಳು.

"ಹೌದು. ಕಂಡವರ ಕಣ್ಣೀರಿಗೆ ನೀನ್ಯಾಕೆ ಹೊಣೆಯಾಗುತ್ತೀ ಎಂದು ಬೈದೆ. ಕೇಳಲಿಲ್ಲ. ಅವಳು ಯಾವತ್ತೂ ಹಾಗೆ. ನನ್ನ ಮಾತು ಪೂರ್ತಿ ಕೇಳಿಸಿಕೊಂಡು, ತನಗೆ ಸರಿ ಕಂಡದ್ದನ್ನೇ ಮಾಡುತ್ತಾಳೆ."

"ಮತ್ತೆ ಮೊದಲು ಬೇರೆ ಹೇಳಿದಿರಲ್ಲ?"

"ನಮ್ಮ ಕಡೆ ಹುಡುಗಿಯರನ್ನು ಹೊಗಳುವುದೇ ಹಾಗೆ. ಕ್ಷಮಿಸಿ."

ಒಪ್ಪಿಗೆ ಸೂಚಿಸಿ ಒಂದೊಂದೇ ಕೈ ಮೇಲೆದ್ದಿತು. ನರೆಗೂದಲಿನವರದು ಎಲ್ಲರಿಗಿಂತ ಕೊನೆಗೆ. ಅಷ್ಟರಲ್ಲಿ ಪಾತ್ರೆಯ ನೀರು ಇಂಗಿ, ಅಡುಗೆಮನೆಯಿಂದ ಸೀದ ವಾಸನೆ ಬಂತು. ಕುಮುದಾ ಅತ್ತ ಓಡಿದಳು.

ಇಡ್ಲಿ ಬಿಡಿಸುವಾಗ ಫೋನ್ ಬಂತು.

"ಅಕ್ಕಾ, ಹೆಣ್ಣು ತೋರಿಸೋ ಶಾಸ್ತ್ರ ಮಾಡ್ಬಿಟ್ಯಲ್ಲೇ!"

"ನನ್ನ ಪ್ರಾಣವೇ ಹೋಗಿತ್ತು ಕಣೇ. ಮುಗೀತಾ?"

"ಎಲ್ಲಿ? ಇನ್ನು ಫುಲ್ ಸೆನೆಟ್ ವೋಟ್ ಮಾಡ್ಬೇಕು. ಈಗ್ಲೂ ಬೇಡ ಅಂತೀಯಾ?"

ಕುಮುದಾ ಬೆಂತೋ ಡಬ್ಬಿಯ ಮುಚ್ಚಳ ಒತ್ತಿದಳು. "ಅಂತೀನಿ."

"ಸರಿ ಅಕ್ಕ, ಕೇಳಿಸ್ಕೊಂಡೆ," ಎಂದಳು ಮೈತ್ರೇಯಿ.