ಮಾವನ ಕ್ಲೋರಿನ್

ನೀರು ಸರಬರಾಜು ಇಲಾಖೆಯ ಪ್ರಯೋಗಾಲಯದಲ್ಲಿ ಸೊಸೆಗೆ ಕೆಲಸ ಸಿಕ್ಕಾಗ ಎಲ್ಲರಿಗಿಂತ ಹೆಚ್ಚು ಹಿಗ್ಗಿದವರು ಮಾವ. ಅದೇ ಇಲಾಖೆಯಲ್ಲಿ ನೀರಿಗೆ ಕ್ಲೋರಿನ್ ಬೆರೆಸುವ ಕೆಲಸ ಮಾಡಿ ನಿವೃತ್ತರಾದವರು ಅವರು. "ನಮ್ಮನೆಗೆ ನೀರಿನ ಋಣ ಇನ್ನೂ ಇದೆ" ಎಂದು ಬೀದಿಯಲ್ಲೆಲ್ಲ ಹೇಳಿಕೊಂಡು ತಿರುಗಿದ್ದರು.

ಆ ಹಿಗ್ಗು ಒಂದು ದಿನ ಊಟದ ಹೊತ್ತಿಗೆ ಜರ್ರನೆ ಇಳಿಯಿತು. ಊರಂಚಿನ ಬಡಾವಣೆಯ ನಲ್ಲಿ ನೀರಿನಲ್ಲಿ, ಕ್ಲೋರಿನ್‌ನಿಂದ ಹುಟ್ಟುವ ಕೆಟ್ಟ ಪದಾರ್ಥಗಳು ಮಿತಿ ಮೀರಿವೆ ಎಂದು ಸೊಸೆ ಹೇಳಿಬಿಟ್ಟಳು.

ಮಾವನ ಕೈಯ ತುತ್ತು ಅಲ್ಲೇ ನಿಂತಿತು. "ಅಂದ್ರೆ ಇಷ್ಟು ವರ್ಷ ನಾನು ಊರಿಗೆ ವಿಷ ಕುಡಿಸ್ದೆ ಅಂತೀಯಾ?"

"ಹಾಗಲ್ಲ ಮಾವ. ಕೆರೆ ನೀರಲ್ಲಿ ಕೊಳೆತ ಎಲೆ, ಪಾಚಿ ಎಲ್ಲ ಇರುತ್ತಲ್ಲ, ಅದಕ್ಕೆ ಕ್ಲೋರಿನ್ ಸೇರಿದ್ರೆ ಹೀಗಾಗುತ್ತೆ. ಪೈಪಲ್ಲಿ ನೀರು ನಿಂತಷ್ಟೂ ಜಾಸ್ತಿ. ವರ್ಷಗಟ್ಟಲೆ ಕುಡಿದ್ರೆ ಒಳ್ಳೇದಲ್ಲ."

"ಕ್ಲೋರಿನ್ ಇಲ್ದಿದ್ರೆ ವರ್ಷಗಟ್ಟಲೆ ಕುಡಿಯೋಕೆ ಜನಾನೇ ಇರ್ತಿರ್ಲಿಲ್ಲ ಕಣಮ್ಮ!" ಎಂದವರೇ ಎದ್ದು ಕೈ ತೊಳೆದರು.

ಅವರು ಕೋಣೆ ಸೇರಿದ ಮೇಲೆ ಅತ್ತೆ ದನಿ ತಗ್ಗಿಸಿದರು. "ಅವರ ತಂಗಿ ಚಿಕ್ಕವಳಿದ್ದಾಗ್ಲೇ ವಾಂತಿಭೇದಿಗೆ ಹೋದ್ಲು. ಬಾವಿ ನೀರು ಕೆಟ್ಟಿತ್ತಂತೆ. ಅದಕ್ಕೇ ಅವ್ರು ಆ ಕೆಲಸಕ್ಕೆ ಸೇರಿದ್ದು. ಬಾಯಿಬಿಟ್ಟು ಒಂದಿನಾನೂ ಹೇಳ್ಕೊಂಡಿಲ್ಲ."

ಮನೆಯಲ್ಲಿ ಮಾತು ಬಿಗಿಯಾಯಿತು. ಅದೇ ಬಡಾವಣೆಯ ನೀರನ್ನು ಇನ್ನೊಮ್ಮೆ ಪರೀಕ್ಷಿಸಬೇಕಾಗಿ ಬಂದಾಗ ಸೊಸೆ ಧೈರ್ಯ ಮಾಡಿ, "ಮಾವ, ನಾಳೆ ನನ್ನ ಜೊತೆ ಬರ್ತೀರಾ?" ಎಂದಳು.

"ಯಾಕೆ? ಮಹಜರಿಗೆ ಕಳ್ಳನ್ನ ಕರ್ಕೊಂಡು ಹೋಗ್ತಾರಲ್ಲ, ಹಾಗಾ?"

ಬೆಳಿಗ್ಗೆ ನೋಡಿದರೆ ಅವಳಿಗಿಂತ ಮುಂಚೆ ಚಪ್ಪಲಿ ಮೆಟ್ಟಿ ನಿಂತಿದ್ದರು.

ಬಡಾವಣೆಯ ಕೊನೆಯ ಮನೆಯಲ್ಲಿ ಸೊಸೆ ನಲ್ಲಿಯ ಜಾಲರಿ ಬಿಚ್ಚಿ, ನೀರು ಸ್ವಲ್ಪ ಹೊತ್ತು ಹರಿಯಬಿಟ್ಟಳು. ಬೆರಳುದ್ದದ ಗಾಜಿನ ಸೀಸೆಗೆ ಅಂಚಿನವರೆಗೂ ನೀರು ತುಂಬಿ, ಮುಚ್ಚಳ ಬಿಗಿದು ತಲೆಕೆಳಗು ಮಾಡಿದಳು. ಒಳಗೆ ಸಾಸಿವೆಯಷ್ಟು ಗುಳ್ಳೆ. ಅದನ್ನು ಪಕ್ಕಕ್ಕಿಟ್ಟು ಬೇರೆ ಸೀಸೆ ತೆಗೆದಳು.

"ಅಷ್ಟು ಗುಳ್ಳೆಗೇ?"

"ನಾವು ಹುಡುಕ್ತಿರೋದು ನೀರು ಬಿಟ್ಟು ಆ ಗುಳ್ಳೆಯ ಗಾಳಿಗೇ ಹಾರಿಹೋಗುತ್ತೆ ಮಾವ."

ಆಮೇಲೆ ಇನ್ನೊಂದು ಬಾಟಲಿಗೂ ನೀರು ಹಿಡಿದಳು. "ಇದು ರೋಗಾಣು ಪರೀಕ್ಷೆಗೆ. ಕ್ಲೋರಿನ್ ನಿಲ್ಸಿ ಅಂತ ಯಾರೂ ಹೇಳಲ್ಲ. ಎರಡೂ ಸರಿ ಇರ್ಬೇಕು."

ಮಾವ ಆ ಬಾಟಲಿಯನ್ನೇ ನೋಡುತ್ತ ನಿಂತರು. "ನನಗೊಬ್ಬಳು ತಂಗಿ ಇದ್ಲು," ಎಂದರು. ಸೊಸೆ ನಲ್ಲಿ ನಿಲ್ಲಿಸಿ, ಅಲ್ಲೇ ಮೆಟ್ಟಿಲ ಮೇಲೆ ಕೂತು ಎಲ್ಲವನ್ನೂ ಕೇಳಿಸಿಕೊಂಡಳು.

ಎರಡನೆಯ ಸಲವೂ ಆ ಕೆಟ್ಟ ಪದಾರ್ಥಗಳ ಅಂಶ ಹೆಚ್ಚೇ ಬಂತು. ಕೆರೆ ನೀರಿಗೆ ಮೊದಲೇ ಕ್ಲೋರಿನ್ ಹಾಕುವ ಬದಲು ಕಸ, ಪಾಚಿ ಎಲ್ಲ ಸೋಸಿದ ಮೇಲೆ ಹಾಕೋಣ, ಊರಂಚಿನ ಪೈಪುಗಳಲ್ಲಿ ನಿಂತ ನೀರನ್ನು ಆಗಾಗ ಹರಿಯಬಿಡೋಣ ಎಂದು ಅವಳು ವರದಿ ಕೊಟ್ಟಳು. ಎಂಜಿನಿಯರ್ ಮೊದಲು ಮುಖ ಸಿಂಡರಿಸಿದರು. ಫಲಿತಾಂಶಗಳನ್ನು ಎರಡೆರಡು ಸಲ ತಿರುವಿಹಾಕಿ, ಕೊನೆಗೆ ಒಪ್ಪಿದರು.

ಬದಲಾವಣೆಯಾದ ಮೇಲಿನ ಫಲಿತಾಂಶ ಬಂದ ಸಂಜೆ ಮಾವ ಬಾಗಿಲಲ್ಲೇ ಕಾಯುತ್ತಿದ್ದರು.

"ರೋಗಾಣು?"

"ಒಂದೂ ಇಲ್ಲ."

"ಇನ್ನೊಂದು?"

"ಮಿತಿಯೊಳಗೇ ಇದೆ. ಆದ್ರೆ ಮಳೆಗಾಲದಲ್ಲಿ ಕೆರೆಗೆ ಕಸ ಜಾಸ್ತಿ ಬರುತ್ತೆ, ಆಗ ಮತ್ತೆ ನೋಡ್ಬೇಕು."

ಮಾವನ ಮುಖ ಅರಳಿತು. "ಹಾಗಾದ್ರೆ ಈಗ್ಲೇ ಒಂದು ಗಟ್ಟಿ ಕೊಡೆ ತಂದಿಡಮ್ಮ. ನನ್ನದು ಕಡ್ಡಿ ಮುರ್ಕೊಂಡು ಕೂತಿದೆ."