ಅಮ್ಮನ ನಿದ್ದೆಗೆ ಹೊಸ ಸ್ಪ್ರಿಂಗು

ಕಲ್ಲಿನ ಕ್ವಾರಿಯಲ್ಲಿ ಲಾರಿ ಓಡಿಸಿಯೇ ತಲೆ ನರೆತ ಅಮ್ಮನಿಗೆ ಹಾಸಿಗೆಯಲ್ಲಿ ನಿದ್ದೆ ಸುಳಿಯುತ್ತಿರಲಿಲ್ಲ. ಗಾಡಿಯಲ್ಲಿ ಕೂತರೆ ಮಾತ್ರ ಕಣ್ಣು ಮುಚ್ಚುತ್ತಿತ್ತು. ಗುಂಡಿ ಬಂದಾಗಲೆಲ್ಲ ಅವಳ ತಲೆ ಕಿಟಕಿಗೆ ಬಡಿಯುವುದನ್ನು ಕಂಡು, ಗ್ಯಾರೇಜು ನಡೆಸುವ ಮಗಳಿಗೆ ಕರುಳು ಚುರುಕ್ಕೆನ್ನುತ್ತಿತ್ತು. ಕೊನೆಗೆ ಅವಳು ತನ್ನ ಆಫ್‌ರೋಡ್ ಪಿಕಪ್ಪಿಗೆ ಎತ್ತರದ ಸ್ಪ್ರಿಂಗು, ರೇಸಿನ ಶಾಕ್ ಅಬ್ಸಾರ್ಬರು, ಸೊಂಟದೆತ್ತರದ ಟೈರು ಎಲ್ಲ ಹಾಕಿದಳು. ಕಲ್ಲಿನ ಮೇಲೆ ಮೆತ್ತಗಿರಲೆಂದು ಟೈರಿನ ಗಾಳಿಯನ್ನೂ ಒಂದಿಷ್ಟು ಇಳಿಸಿದಳು.

“ಗಾಡಿಗೂ ಮಹಡಿ ಕಟ್ಸಿದೀಯೇನೇ?” ಎನ್ನುತ್ತಾ ಅಮ್ಮ ಸ್ಟೂಲಿನ ಮೇಲೆ ಕಾಲಿಟ್ಟು ಹತ್ತಿದಳು.

ಕಲ್ಲುಬಯಲಿನಲ್ಲಿ ಚಕ್ರಗಳು ತಮ್ಮ ಪಾಡಿಗೆ ತಾವು ಬಂಡೆ ಹತ್ತಿದವು, ಇಳಿದವು. ಮೇಲೆ ಕೂತವರಿಗೆ ಅದರ ಸುದ್ದಿಯೇ ಇಲ್ಲ. ಸಂಜೆಬಿಸಿಲಿಗೆ ಧೂಳು ಹೊಂಬಣ್ಣವಾಗಿ ಎದ್ದು, ಗಾಡಿ ಅದರೊಳಗೆ ಮೋಡದ ಹಾಗೆ ತೇಲಿತು. ಸ್ಟೀರಿಂಗ್ ಹಿಡಿದ ಮಗಳಿಗೇ ತೂಕಡಿಕೆ ಬಂತು. ಪಕ್ಕಕ್ಕೆ ತಿರುಗಿದರೆ ಅಮ್ಮ ಕೈಚೀಲ ತೊಡೆಯ ಮೇಲಿಟ್ಟುಕೊಂಡು, ಕಣ್ಣು ಬಿಟ್ಟುಕೊಂಡು ನೆಟ್ಟಗೆ ಕೂತಿದ್ದಾಳೆ!

“ಯಾಕಮ್ಮ, ನಿದ್ದೆ ಬರ್ತಿಲ್ವಾ?”

“ಬರುತ್ತೆ ಕಣೇ. ಮೊದ್ಲು ಗಾಡಿ ಹೊರಡ್ಲಿ.”

ಮಗಳು ಹಣೆ ಚಚ್ಚಿಕೊಂಡಳು. ಗಾಡಿ ನಿಲ್ಲಿಸಿ ಕೆಳಗಿಳಿದು, ಶಾಕ್ ಅಬ್ಸಾರ್ಬರುಗಳ ತಿರುಪನ್ನೆಲ್ಲ ಕಡೆಯವರೆಗೂ ಬಿಗಿ ಮಾಡಿ, ಹಿಂದೆ ಇಟ್ಟಿದ್ದ ಪಂಪಿನಿಂದ ಟೈರಿಗೆ ಗಾಳಿ ತುಂಬಿ ಮತ್ತೆ ಹೊರಟಳು. ಮೊದಲ ಕಲ್ಲಿಗೇ ಗಾಡಿ ಎಗರಿಬಿತ್ತು. ಅಮ್ಮನ ತಲೆ ಕಿಟಕಿಗೆ ಟಪ್ಪೆಂದು ಬಡಿಯಿತು.

“ಹಾಂ, ಹೊರಟ್ವಿ” ಎಂದವಳೇ ಅಮ್ಮ ಗೊರಕೆ ಹೊಡೆಯತೊಡಗಿದಳು.