ಪರದೆಯ ಮೇಲೆ ಮನೆಮಾತು

ತನಗೆ ವಯಸ್ಸಾಯಿತೆಂದು ಶಿವಗಾಮಿಗೆ ಮೊದಲು ಹೇಳಿದ್ದು ಅವಳ ಕಂಪ್ಯೂಟರೇ. ಈ ವಿಂಡೋಸಿಗೆ ಇನ್ನು ಅಪ್‌ಡೇಟ್ ಬರುವುದಿಲ್ಲ ಎಂಬ ನೋಟೀಸು ದಿನಾ ಬೆಳಿಗ್ಗೆ ಪರದೆಯ ಮೂಲೆಯಲ್ಲಿ ಸಾಲ ಕೊಟ್ಟವನ ಹಾಗೆ ಬಂದು ನಿಲ್ಲುತ್ತಿತ್ತು. ಹೊಸ ವಿಂಡೋಸು ಹೊರುವ ತಾಕತ್ತು ಈ ಪೆಟ್ಟಿಗೆಗಿಲ್ಲ, ಬೇರೆಯದು ಕೊಳ್ಳಿ ಎಂದು ರಿಪೇರಿ ಅಂಗಡಿಯವನು ಕೈ ತೊಳೆದುಕೊಂಡ.

ತಮಿಳುನಾಡಿನ ಸಿರುಮುಗೈಯ ನೇಕಾರರ ಕೇರಿಯಲ್ಲಿ ಸೀರೆಗೆ ಡಿಸೈನು ಬಿಡಿಸುವ ಹೆಂಗಸು ಶಿವಗಾಮಿ ಒಬ್ಬಳೇ. ಓದಿದ್ದು ಎಂಟನೇ ಕ್ಲಾಸು, ಅದೂ ತಮಿಳಿನಲ್ಲಿ. ಇಂಗ್ಲಿಷ್ ಗುಂಡಿಗಳನ್ನು ಓದಿ ಒತ್ತಿದವಳಲ್ಲ, ಜಾಗ ನೋಡಿ ಒತ್ತಿದವಳು. ಹಾಗೇ ಒಂಬತ್ತು ವರ್ಷದಲ್ಲಿ ನಾನ್ನೂರು ಸೆರಗು, ಅಂಚು, ಬುಟ್ಟಾಗಳನ್ನು ಚೌಕಳಿ ಚೌಕಳಿಯಾಗಿ ಬಿಡಿಸಿಟ್ಟಿದ್ದಳು. ಅವನ್ನು ನೋಡಿ ತೂತು ಹೊಡೆದ ರಟ್ಟಿನ ಅಟ್ಟೆಗಳು ಮಗ್ಗಕ್ಕೇರುತ್ತವೆ, ಸವೆದು ಹರಿದು ಒಲೆಗೆ ಹೋಗುತ್ತವೆ. ಡಿಸೈನು ಇದ್ದರೆ ಮತ್ತೆ ಹೊಡೆಸಬಹುದು. ಆ ಡಿಸೈನುಗಳಿದ್ದದ್ದು ಈ ಪೆಟ್ಟಿಗೆಯಲ್ಲಿ ಮಾತ್ರ.

ಅವಳ ತಮ್ಮ ಮೋಹನ್‌ರಾಜ್ ಕೊಯಮತ್ತೂರಿನ ಕುರಿಚಿಯ ಒಂದು ಫೌಂಡ್ರಿಯಲ್ಲಿ ಕೆಲಸಕ್ಕಿದ್ದ. ಅಲ್ಲಿಯ ಆಫೀಸಿಗೆ ಬಂದ ಹತ್ತು ಖಾಲಿ ಕಂಪ್ಯೂಟರುಗಳಿಗೆ ವಿಂಡೋಸಿನ ಬದಲು ಪುಕ್ಕಟೆ ಸಿಗುವ ಲಿನಕ್ಸನ್ನು ಅವನೇ ಹಾಕಿದ್ದ. ಆವತ್ತಿನಿಂದ ಯಾರ ಮನೆಗೆ ಹೋದರೂ ಅದೇ ಪುರಾಣ. ಭಾನುವಾರ ಬೆಳಿಗ್ಗೆ ಪೆನ್‌ಡ್ರೈವ್ ಹಿಡಿದು ಅಕ್ಕನ ಮನೆಗೂ ಬಂದ.

"ನನ್ನಂಥವಳಿಗೆ ಅದು ಆಗಿಬರ್ತದಾ ತಂಬಿ?" ಎಂದಳು ಶಿವಗಾಮಿ.

"ಯಾಕಕ್ಕಾ ಆಗಲ್ಲ? ಕಾಸಿಲ್ಲ, ವೈರಸ್ಸಿಲ್ಲ. ಹಳೇ ಪೆಟ್ಟಿ ಕುದುರೆ ಮಾದಿರಿ ಓಡ್ತದೆ. ನಿನ್ ಡಿಸೈನು ಅದ್ರಲ್ಲೂ ತೆರೀತದೆ."

"ಡಿಸೈನೆಲ್ಲಾ ಬೇರೆ ಕಡೆ ಎತ್ತಿಡ್ಬೇಕಾ?"

"ಎದುಕ್ಕು ಎತ್ತಿಡ್ಬೇಕು? ಹಳೇದು ಒಂದು ಪಕ್ಕ, ಹೊಸದು ಒಂದು ಪಕ್ಕ ಇರ್ತದೆ. ಎರಡು ಮಗ್ಗ ಒಂದೇ ಮನೇಲಿ ಇಲ್ವಾ?"

ಉಪಮೆ ಚೆನ್ನಾಗಿತ್ತು. ಶಿವಗಾಮಿ ಒಪ್ಪಿದಳು.

ಮೊದಲ ಪರದೆಯಲ್ಲಿ ಭಾಷೆಗಳ ಉದ್ದನೆಯ ಪಟ್ಟಿ. ತಮಿಳು ಹುಡುಕುತ್ತಿದ್ದ ಮೋಹನ್‌ರಾಜ್ ನಡುವೆ ಇಂಗ್ಲಿಷ್ ಅಕ್ಷರದಲ್ಲಿ 'ಕನ್ನಡ' ಎಂದಿದ್ದದ್ದು ಕಂಡು ಕುರ್ಚಿಯಿಂದ ಎದ್ದೇಬಿಟ್ಟ.

"ಅಕ್ಕಾ, ನಂ ಮಾತು ಇದೆ!"

ನೂಲು ಸುತ್ತುತ್ತಿದ್ದ ಶಿವಗಾಮಿಯ ಅತ್ತೆ ಸುಬ್ಬಾತಾಳ್ ಕೂಡ ರಾಟೆ ಬಿಟ್ಟು ಬಂದಳು. ಅಜ್ಜನ ಅಜ್ಜನ ಕಾಲದಿಂದ ಆ ಮನೆಯೊಳಗೆ ಆಡಿದ್ದು ಕನ್ನಡ; ಹೊಸಿಲು ದಾಟಿದರೆ ತಮಿಳು. ಅಂಗಡಿಯ ಬೋರ್ಡಾಗಲಿ ಬಸ್ಸಿನ ಹಲಗೆಯಾಗಲಿ ಆ ಮಾತನ್ನು ಅವರಿಗೆ ಎಂದೂ ತೋರಿಸಿರಲಿಲ್ಲ. ಈಗ ಒಂದು ಯಂತ್ರ ನಿಮ್ಮ ಮಾತು ಬೇಕೇ ಎಂದು ಕರೆದು ಕೇಳುತ್ತಿದೆ. ಬಿಡಲಾದೀತೇ? ಮೋಹನ್‌ರಾಜ್ ಒತ್ತಿದ.

ಪರದೆ ತುಂಬ ದುಂಡು ದುಂಡು ಅಕ್ಷರ. ಮೂವರಲ್ಲಿ ಒಬ್ಬರಿಗೂ ಒಂದಕ್ಷರ ಓದಲು ಬರುವುದಿಲ್ಲ ಎಂಬುದು ಆಮೇಲೆ ಹೊಳೆಯಿತು.

ಹಿಂದಕ್ಕೆ ಹೋಗಿ ತಮಿಳು ಆರಿಸಿದ್ದರೆ ಗಂಟೇನು ಹೋಗುತ್ತಿತ್ತು? ಆದರೆ ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ! "ಹತ್ತು ಸಲ ಹಾಕಿದೀನಿ, ಕಣ್ಣು ಮುಚ್ಕೊಂಡು ಹಾಕ್ತೀನಿ," ಎಂದ. ಹೇಳಿದಂತೆಯೇ ಹಾಕಿದ. ಒಂದೊಂದು ಪರದೆಯ ಫೋಟೋವನ್ನೂ ಹಿಡಿದು, ನಂ ಮಾತಲ್ಲಿ ಕಂಪ್ಯೂಟರು ನೋಡಿ ಎಂದು ನೆಂಟರ ಗುಂಪಿಗೆ ಕಳಿಸುತ್ತ, ಫೌಂಡ್ರಿಯಲ್ಲಿ ಎಲ್ಲಿ ಒತ್ತುತ್ತಿದ್ದನೋ ಅಲ್ಲೇ ಒತ್ತುತ್ತ ಹೋದ.

ಕೊನೆಗೆ ಹಳದಿ ತ್ರಿಕೋನವಿದ್ದ, ಕೆಳಗೆ ಎರಡು ಗುಂಡಿಗಳಿದ್ದ ಸಣ್ಣ ಚೌಕವೊಂದು ಬಂತು. ಮಗ್ಗಕ್ಕೆ ಹೊಸ ಹಾಸು ಕಟ್ಟಿದಾಗ ಮೊದಲ ಲಾಳಿ ಎಸೆಯುವುದು ಆ ಮನೆಯ ಹೆಂಗಸೇ. "ನಿನ್ ಕೈಯಲ್ಲೇ ಆಗ್ಲಿ ಅಕ್ಕಾ, ಬಲಗಡೆದು," ಎಂದ ತಮ್ಮ. ಶಿವಗಾಮಿ ಪರದೆಯ ಅಂಚಿಗೆ ಕುಂಕುಮವಿಟ್ಟು, ಕಣ್ಣಿಗೊತ್ತಿಕೊಂಡು, ಬಲಗಡೆಯದನ್ನು ಒತ್ತಿದಳು.

ಅರ್ಧ ಗಂಟೆಯಲ್ಲಿ ಹೊಸ ವ್ಯವಸ್ಥೆ ಎದ್ದು ಕೂತಿತು. ಸುಳ್ಳು ಹೇಳಬಾರದು, ನಿಜವಾಗಿಯೂ ಕುದುರೆಯೇ. ವಿಡಿಯೋ ತಟ್ಟನೆ ಓಡಿತು, ಪ್ರಿಂಟರು ಕೇಳದೆಯೇ ಸೇರಿಕೊಂಡಿತು. ಶಿವಗಾಮಿ ನಗುನಗುತ್ತ ತನ್ನ ಡಿಸೈನು ಹುಡುಕಿದಳು. ಇರಲಿಲ್ಲ. ಇನ್ನೊಂದು ಕಡೆ ತೆರೆದಳು, ಅಲ್ಲೂ ಖಾಲಿ. ಮೋಹನ್‌ರಾಜ್ ಕಂಪ್ಯೂಟರು ಆರಿಸಿ ಮತ್ತೆ ಹಚ್ಚಿದ. ಹಳೆಯ ವಿಂಡೋಸು ಎಲ್ಲೂ ಕಾಣಲಿಲ್ಲ.

ಶಿವಗಾಮಿ ತಮ್ಮನ ಕಡೆ ತಿರುಗಿದಳು. "ತಂಬಿ, ನನ್ ನಾನ್ನೂರು ಎಲ್ಲಿ?"

ತಮ್ಮ ಫೋನು ಹಚ್ಚಿ ಫೌಂಡ್ರಿಯ ಗೆಳೆಯನನ್ನು ಕೇಳಿದ. ಪೆಟ್ಟಿಗೆಯನ್ನು ಇನ್ನು ಮುಟ್ಟದಿರಿ, ಕೊಯಮತ್ತೂರಿಗೆ ತನ್ನಿ, ಹತ್ತೋ ಇಪ್ಪತ್ತೋ ಸಿಕ್ಕರೆ ನಿಮ್ಮ ಪುಣ್ಯ ಎಂದು ಅವನು ಹೇಳಿದ್ದು ಮೂವರಿಗೂ ಕೇಳಿಸಿತು. ಶಿವಗಾಮಿ ನೆಲದ ಮೇಲೆ ಕೂತುಬಿಟ್ಟಳು.

ಆ ಹೊತ್ತಿಗೆ ರೇಷ್ಮೆ ಹುರಿ ತಂದಿಳಿಸಲು ಕೊಳ್ಳೇಗಾಲದ ನಂಜಪ್ಪ ಬಂದ. ಇಲ್ಲಿಯವರ ಬಾಯಲ್ಲಿ ಅವನು ನಂಜಪ್ಪನ್. ಕನ್ನಡ ಓದಬಲ್ಲವನು ಆ ಕೇರಿಗೆ ಕಾಲಿಡುವುದು ತಿಂಗಳಿಗೊಂದು ಸಲ, ಅದೂ ಇವತ್ತೇ, ಅದೂ ಒಂದು ಗಂಟೆ ತಡವಾಗಿ. ಮೋಹನ್‌ರಾಜ್ ಹಳದಿ ತ್ರಿಕೋನದ ಫೋಟೋ ಚಾಚಿದ.

ನಂಜಪ್ಪ ಕನ್ನಡಕ ಹಾಕಿಕೊಂಡು ಶಾಲೆಯ ಹುಡುಗನಂತೆ ಗಟ್ಟಿಯಾಗಿ ಓದಿದ. "ಈ ಡಿಸ್ಕಿನಲ್ಲಿರುವ ಎಲ್ಲವನ್ನೂ ಅಳಿಸಲಾಗುವುದು. ಒಮ್ಮೆ ಅಳಿಸಿದರೆ ಮರಳಿ ಸಿಗುವುದಿಲ್ಲ. ಅಳಿಸಲೇ?"

ಅಷ್ಟೂ ಮಾತು ಅಷ್ಟೂ ಜನಕ್ಕೆ ಅರ್ಥವಾಗಿತ್ತು. ಶಾಲೆಯ ಮೆಟ್ಟಿಲನ್ನೇ ಹತ್ತದ ಸುಬ್ಬಾತಾಳಿಗೂ ಅರ್ಥವಾಗಿತ್ತು.

"ಅಯ್ಯೋ ಸಾಮೀ, ಅದು ಕೇಳೇ ಅಳಿಸಿದೆ," ಎಂದಳು ಮುದುಕಿ. "ನಂ ಮಾತಲ್ಲೇ ಕೇಳಿದೆ."

ಶಿವಗಾಮಿ ಒಂದು ಸಲ ತನ್ನ ಬಲಗೈ ನೋಡಿಕೊಂಡಳು, ಒಂದು ಸಲ ನಂಜಪ್ಪನ ಮುಖ ನೋಡಿದಳು. "ನಾನು ಒತ್ತಿದ್ದು ಏನಣ್ಣಾ?"

"ಬಲಗಡೆ 'ಸರಿ' ಅಂತಿದೆಯಮ್ಮ."

"ಎಡಗಡೆ?"

"'ಬೇಡ' ಅಂತ."

ಶಿವಗಾಮಿ ಅವನ ಕೈಯಿಂದ ಫೋನು ಕಿತ್ತುಕೊಂಡು ಎಡಗಡೆಯದನ್ನು ಎರಡು ಬೆರಳಲ್ಲಿ ಅಗಲಿಸಿದಳು. ಎರಡೇ ಅಕ್ಷರ. ಮಾತು ಕಲಿತಾಗಿನಿಂದ ದಿನಕ್ಕೆ ನೂರು ಸಲ ಅವಳು ಆಡಿದ ಮಾತದು, ಅದರ ಮುಖ ನೋಡಿದ್ದು ಅದೇ ಮೊದಲು.